ಜಂಬಪ್ಪ ಎಣಿಸಿದ ಪಕ್ಕೆಲುಬುಗಳು

ಜಂಬಪ್ಪನ ಕೈಗೆ ಸದಾ ಒಂದು ಹುಳಿ ವಾಸನೆ ಇರುತ್ತಿತ್ತು. ಎಕ್ಸ್‌ರೇ ಫಿಲ್ಮು ತೊಳೆಯುವ ಔಷಧದ ವಾಸನೆ ಅದು. ಸೋಪು ಹಚ್ಚಿದರೂ, ನಿಂಬೆ ಸಿಪ್ಪೆಯಿಂದ ತಿಕ್ಕಿದರೂ ಹೋಗುತ್ತಿರಲಿಲ್ಲ. ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಖಾನಾವಳಿಯಲ್ಲಿ ಅವನು ರೊಟ್ಟಿ ಮುರಿಯಲು ಕೂತರೆ ಪಕ್ಕದವರು ಒಮ್ಮೆ ಮೂಗು ಅರಳಿಸಿ ನೋಡಿ, ಎಕ್ಸ್‌ರೇ ಜಂಬಣ್ಣ ಎಂದು ಗುರುತು ಹಿಡಿದು ತಲೆಯಾಡಿಸಿ, ತುಸು ಅತ್ತ ಸರಿದು ಉಣ್ಣುತ್ತಿದ್ದರು.

ಅವನಪ್ಪ ತುಂಗಭದ್ರೆಗೆ ಡ್ಯಾಮು ಕಟ್ಟುವಾಗ ಕಲ್ಲು ಹೊತ್ತವನು. ಡ್ಯಾಮು ಮುಗಿದು, ಕಾಲುವೆಗೆ ನೀರು ಬಿಟ್ಟು, ಜೋಳ ಬೆಳೆಯುತ್ತಿದ್ದ ಎರೆಹೊಲಗಳು ಭತ್ತದ ಗದ್ದೆಗಳಾಗುವ ಹೊತ್ತಿಗೆ ಅಪ್ಪ ಇರಲಿಲ್ಲ. ನೀರು ಬಂದ ಕಡೆ ಅವರಿಗೆ ಹೊಲವೂ ಇರಲಿಲ್ಲ. ಜಂಬಪ್ಪ ಊರಿನ ಒಂದು ಧರ್ಮಾರ್ಥ ಆಸ್ಪತ್ರೆಯಲ್ಲಿ ಸ್ಟ್ರೆಚರು ತಳ್ಳುವ ಕೆಲಸಕ್ಕೆ ಸೇರಿ, ಅಲ್ಲಿನ ಎಕ್ಸ್‌ರೇ ಕೋಣೆಯ ಮುದುಕನ ಕೈಕೆಳಗೆ ಕಲಿತು, ಹುಬ್ಬಳ್ಳಿಗೆ ಹೋಗಿ ಪರೀಕ್ಷೆ ಪಾಸು ಮಾಡಿ ಬಂದ. ಅರವತ್ತೈದನೆಯ ಇಸವಿಯಿಂದ ಆ ಕೋಣೆ ಅವನದೇ ಆಯಿತು.

ಮೂವತ್ತರ ಹತ್ತಿರ ಬಂದಾಗ ಮರಿಯಮ್ಮನಹಳ್ಳಿಯಲ್ಲಿ ಹೆಣ್ಣು ಗೊತ್ತಾಗಿತ್ತು. ವೀಳ್ಯಶಾಸ್ತ್ರ ಆಗಿ ಹದಿನೈದು ದಿನ ಕಳೆದಿರಲಿಲ್ಲ, ಆ ಮಶೀನಿನ ಮುಂದೆ ನಿತ್ಯ ನಿಲ್ಲುವ ಗಂಡಸಿಗೆ ಮಕ್ಕಳಾಗುವುದಿಲ್ಲವೆಂದು ಯಾರೋ ಹೆಣ್ಣಿನ ತಂದೆಯ ಕಿವಿಯಲ್ಲಿ ಹಾಕಿದರು. ಸಂಬಂಧ ಮುರಿಯಿತು. ಇನ್ನೆರಡು ಕಡೆಯೂ ಮಾತು ಅಲ್ಲಿಗೇ ಬಂದು ನಿಂತಿತು. ಜಂಬಪ್ಪ ಯಾರೊಂದಿಗೂ ವಾದಕ್ಕೆ ಹೋಗಲಿಲ್ಲ. ಅದು ಸುಳ್ಳೋ ನಿಜವೋ ಅವನಿಗೂ ಖಾತ್ರಿಯಿರಲಿಲ್ಲ. ತಾಯಿ ತೀರಿಕೊಂಡ ಮೇಲೆ ಚಿತ್ತವಾಡಗಿಯ ಕಡೆ ಒಂದು ಕೋಣೆ ಹಿಡಿದು ಒಬ್ಬನೇ ಉಳಿದ. ಹಗಲೆಲ್ಲ ಕತ್ತಲೆ ಕೋಣೆಯಲ್ಲಿ ಕೆಂಪು ದೀಪದ ಕೆಳಗೆ ಫಿಲ್ಮು ತೊಳೆಯುವುದು, ಸಂಜೆ ಖಾನಾವಳಿ, ಆಮೇಲೆ ಕಾಲುವೆಯ ಏರಿಯ ಮೇಲೆ ಒಂದಿಷ್ಟು ನಡೆದು ಬರುವುದು. ಮನುಷ್ಯರೊಂದಿಗೆ ಅವನಾಡುತ್ತಿದ್ದ ಮಾತು ದಿನಕ್ಕೆ ಐವತ್ತು ಸಲವೂ ಅದೇ: ಉಸಿರು ಎಳಕೊಳ್ರಿ, ಹಿಡೀರಿ, ಬಿಡ್ರಿ.

ಎದೆಯ ಫಿಲ್ಮು ಚೆನ್ನಾಗಿ ಬಂದಿದೆಯೋ ಇಲ್ಲವೋ ಎಂದು ತಿಳಿಯಲು ಆ ಕಸುಬಿನಲ್ಲಿ ಒಂದು ಸುಲಭದ ಲೆಕ್ಕವಿದೆ. ರೋಗಿ ಎದೆ ತುಂಬ ಗಾಳಿ ಎಳೆದು ಹಿಡಿದಿದ್ದರೆ ಬೆನ್ನಿನ ಕಡೆಯ ಪಕ್ಕೆಲುಬುಗಳು ಹತ್ತಾದರೂ ಎಣಿಸಲು ಸಿಗಬೇಕು. ಅದಕ್ಕಿಂತ ಕಡಿಮೆ ಕಂಡರೆ ರೋಗಿ ಅರ್ಧ ಉಸಿರಿನಲ್ಲಿ ನಿಂತಿದ್ದ ಎಂದು ಅರ್ಥ, ಫಿಲ್ಮು ದಂಡ. ಜಂಬಪ್ಪನ ಫಿಲ್ಮು ದಂಡವಾಗುವುದು ಅಪರೂಪ. ಸಂಡೂರಿನ ಗಣಿಯಿಂದ ಬಂದು ಕೆಮ್ಮುತ್ತಲೇ ನಿಲ್ಲುವವರು, ಕಮಲಾಪುರದ ಮುದುಕಿಯರು, ಅಳುವ ಕೂಸುಗಳು, ಯಾರಾದರೂ ಸರಿ, ಸರಿಯಾದ ಗಳಿಗೆಗೆ ಕಾದು ಗುಂಡಿ ಒತ್ತುತ್ತಿದ್ದ. ಅವನಿಗೆ ಇದ್ದ ಹೆಮ್ಮೆಯೆಂದರೆ ಅದೊಂದೇ.

ಹೊಳೆಮ್ಮ ಮೊದಲ ಸಲ ಆ ಕೋಣೆಗೆ ಬಂದದ್ದು ಎಂಬತ್ತೆರಡರ ಫೆಬ್ರುವರಿಯಲ್ಲಿ. ಕಂಪ್ಲಿಯ ಹತ್ತಿರದ ಹಳ್ಳಿಯವಳು, ಇಪ್ಪತ್ತನಾಲ್ಕು ವಯಸ್ಸು. ಗಂಡ ಹುಲುಗಪ್ಪನಿಗೆ ಕಾಲುವೆ ಕೆಳಗೆ ನಾಲ್ಕು ಎಕರೆ ಗದ್ದೆ, ವರ್ಷಕ್ಕೆ ಎರಡು ಬೆಳೆ. ಅವಳ ಜೊತೆಗೆ ಬಂದಿದ್ದ ಅತ್ತೆ ದ್ಯಾಮಕ್ಕ ಕೇಳಿದ್ದಕ್ಕೆಲ್ಲ ತಾನೇ ಉತ್ತರ ಕೊಡುತ್ತಿದ್ದಳು. ಎಡಗಡೆ ಎದೆ ಹಿಡಿದುಕೊಳ್ಳುತ್ತದೆ, ಉಸಿರೆಳೆದರೆ ಚುಚ್ಚುತ್ತದೆ, ಸಂಜೆಗೆ ಮೈ ಬಿಸಿಯಾಗುತ್ತದೆ. ಜಂಬಪ್ಪ ಫಿಲ್ಮು ತೆಗೆದ. ಎಡ ಎದೆಯ ಬುಡದಲ್ಲಿ ಸ್ವಲ್ಪ ನೀರು ನಿಂತಂತೆ ಕಾಣಿಸಿತು. ಪಕ್ಕೆಲುಬು ಒಂಬತ್ತು.

ಆಸ್ಪತ್ರೆಯ ದೊಡ್ಡ ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ಟಿಬಿ ಎಂದರು. ಆ ಸೀಮೆಯಲ್ಲಿ ಎದೆಯಲ್ಲಿ ನೀರು ನಿಂತ ಹತ್ತು ಜನರಲ್ಲಿ ಒಂಬತ್ತು ಜನಕ್ಕೆ ಟಿಬಿಯೇ ಇರುತ್ತಿತ್ತು. ಮೂರು ತಿಂಗಳು ಸೂಜಿ, ಒಂದೂವರೆ ವರ್ಷ ಗುಳಿಗೆ ಎಂದು ಬರೆದುಕೊಟ್ಟರು. ಕಫವನ್ನು ಮೂರು ಸಲ ನೋಡಿದರೂ ರೋಗದ ಹುಳು ಸಿಗಲಿಲ್ಲ. ಎಷ್ಟೋ ಜನರಲ್ಲಿ ಹಾಗೆಯೇ ಸಿಗುವುದಿಲ್ಲವಾದ್ದರಿಂದ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ.

ನವೆಂಬರಿನಲ್ಲಿ ಅವಳು ಮತ್ತೆ ಬಂದಳು. ಈ ಸಲ ಅತ್ತೆ ಒಳಗೆ ಬರದೆ ಸೆರಗು ಮೂಗಿಗೆ ಹಿಡಿದು ಹೊರಗೇ ನಿಂತಳು. ಎದೆಯ ನೀರು ಆರಿತ್ತು, ಆದರೆ ದಮ್ಮು ಹೆಚ್ಚಿತ್ತು. ಜಂಬಪ್ಪ ಫಿಲ್ಮು ತೊಳೆದು ದೀಪದ ಪೆಟ್ಟಿಗೆಗೆ ಹಚ್ಚಿ ಎಣಿಸಿದ. ಎಂಟು. ದೊಡ್ಡ ಡಾಕ್ಟರು ಹತ್ತು ಜನರ ಎದುರಿಗೆ ಫಿಲ್ಮನ್ನು ಮೇಜಿನ ಮೇಲೆ ಎಸೆದು, ಇಷ್ಟು ವರ್ಷವಾದರೂ ರೋಗಿಗೆ ಉಸಿರು ಹಿಡಿಸಲು ಬರುವುದಿಲ್ಲವೇ ಎಂದು ಕೇಳಿದರು.

ಅವಮಾನ ಅವನನ್ನು ಸುಟ್ಟಿತು. ವಾಪಸು ಬಂದು ಅವಳನ್ನು ಮತ್ತೆ ನಿಲ್ಲಿಸಿ, ತಾನು ಯಾರ ಮೇಲೂ ಎತ್ತದ ದನಿ ಎತ್ತಿದ.

"ಪೂರಾ ಎಳಕೊ ಅಂದ್ರ ಪೂರಾ ಎಳಕೋಬೇಕು. ನಿನ್ನ ಸಲುವಾಗಿ ನಾನು ಬೈಸಿಕೊಬೇಕೇನು?"

"ಎಷ್ಟು ಎಳಕಂಡ್ರೂ ಇಷ್ಟ ಬರತೈತ್ರಿ," ಎಂದಳು ಹೊಳೆಮ್ಮ. "ಒಳಗ ಯಾರೋ ತಡದಂಗ ಆಗತೈತಿ."

ಎರಡನೆಯ ಫಿಲ್ಮಿನಲ್ಲೂ ಎಂಟೇ. ಗೋಡೆಗೆ ಎದೆ ಒತ್ತಿ ನಿಂತಿದ್ದವಳ ಭುಜ ಸಣ್ಣಗೆ ಅಲುಗುತ್ತಿದ್ದುದನ್ನು ಅವನು ನೋಡಿದ. ಅಳುತ್ತಿದ್ದಾಳೆಂದು ಗೊತ್ತಾಯಿತು. ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡ. ಹೊರಗೆ ಬರುವ ಹೊತ್ತಿಗೆ ಅವಳು ಹೋಗಿಬಿಟ್ಟಿದ್ದಳು.

ತಾನು ಬೈದದ್ದು ಅವನಲ್ಲಿ ಮುಳ್ಳಿನಂತೆ ಉಳಿಯಿತು. ಬೇರೆಯವರಾಗಿದ್ದರೆ ಹೆಂಡತಿಯ ಮುಂದೆಯೋ ಗೆಳೆಯನ ಮುಂದೆಯೋ ಹೇಳಿಕೊಂಡು ಹಗುರಾಗುತ್ತಿದ್ದರು. ಅವನಿಗೆ ಅಂಥ ಬಾಗಿಲು ಇರಲಿಲ್ಲ. ಕಾಲುವೆ ಏರಿಯ ಮೇಲೆ ನಡೆಯುವಾಗ ಅವಳ ಮಾತನ್ನು ಮತ್ತೆ ಮತ್ತೆ ಮೆಲುಕು ಹಾಕಿದ. ಸುಳ್ಳು ಹೇಳುವವಳ ದನಿಯಲ್ಲ ಅದು. ಯಾರೋ ತಡೆದ ಹಾಗೆ ಎಂದಳಲ್ಲ.

ಎಂಬತ್ಮೂರರ ಶ್ರಾವಣದಲ್ಲಿ ಅವಳು ಒಬ್ಬಳೇ ಬಂದಳು. ಕೂದಲು ಉದುರಿ ಹಣೆ ದೊಡ್ಡದಾಗಿತ್ತು. ಮೆಟ್ಟಿಲು ಹತ್ತಿದ್ದಕ್ಕೇ ಬೆಂಚಿನ ಮೇಲೆ ಕೂತು ಬಹಳ ಹೊತ್ತು ಸುಧಾರಿಸಿಕೊಳ್ಳಬೇಕಾಯಿತು. ಹಳೆಯ ಫಿಲ್ಮುಗಳನ್ನೆಲ್ಲ ಒಂದು ಬಿಳಿ ಪಂಜೆಯಲ್ಲಿ ಸುತ್ತಿ ತಂದಿದ್ದಳು. ಜಂಬಪ್ಪ ಈ ಸಲ ಅವಳನ್ನು ಅವಸರಪಡಿಸಲಿಲ್ಲ. ಬೇಕಾದಷ್ಟು ಹೊತ್ತು ತೆಗೆದುಕೊಳ್ಳಲು ಹೇಳಿ, ಅವಳ ಮಗ್ಗುಲಲ್ಲೇ ನಿಂತು ಉಸಿರಾಟವನ್ನು ಗಮನಿಸಿದ. ಹೆಗಲು ಮೇಲಕ್ಕೆ ಏರುತ್ತಿತ್ತು, ಕುತ್ತಿಗೆಯ ನರಗಳು ಬಿಗಿಯುತ್ತಿದ್ದವು, ಇಡೀ ಮೈ ಗಾಳಿಗಾಗಿ ಹೆಣಗುತ್ತಿತ್ತು. ಆದರೂ ಫಿಲ್ಮಿನಲ್ಲಿ ಏಳೂವರೆ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಅವನು ಪಂಜೆ ಬಿಚ್ಚಿ, ನಾಲ್ಕೂ ಫಿಲ್ಮುಗಳನ್ನು ತಾರೀಖಿನ ಪ್ರಕಾರ ದೀಪದ ಪೆಟ್ಟಿಗೆಯ ಮೇಲೆ ಸಾಲಾಗಿ ಹಚ್ಚಿದ. ಟಿಬಿ ತಿಂದ ಎದೆಯನ್ನು ಅವನು ಸಾವಿರ ಸಲ ನೋಡಿದ್ದ. ಅದರಲ್ಲಿ ಮಚ್ಚೆ ಇರುತ್ತದೆ, ತೂತು ಇರುತ್ತದೆ. ಗಣಿ ಧೂಳು ಕುಡಿದ ಎದೆಯಲ್ಲಿ ಕಾಳು ಚೆಲ್ಲಿದ ಹಾಗೆ ಕಾಣುತ್ತದೆ. ಇವಳ ಎದೆ ಸ್ವಚ್ಛವಾಗಿತ್ತು, ಬುಡದಲ್ಲಿ ಒಂದೆರಡು ಗೆರೆಗಳಷ್ಟೇ. ಆದರೆ ಫಿಲ್ಮಿನಿಂದ ಫಿಲ್ಮಿಗೆ ಶ್ವಾಸಕೋಶ ಗಿಡ್ಡವಾಗುತ್ತಾ ಬಂದಿತ್ತು. ಕೆಳಗಿನಿಂದ ಹೊಟ್ಟೆ ಮೇಲೇರಿ ಬಂದು ಅದನ್ನು ಒತ್ತಿದಂತೆ. ಅವಳು ಉಸಿರು ಎಳೆಯದೆ ಇದ್ದದ್ದಲ್ಲ, ಎಳೆದ ಉಸಿರಿಗೆ ಒಳಗೆ ಜಾಗವೇ ಕಡಿಮೆಯಾಗುತ್ತಿತ್ತು.

ಫಿಲ್ಮುಗಳನ್ನು ಎತ್ತಿಕೊಂಡು ದೊಡ್ಡ ಡಾಕ್ಟರ ಕೋಣೆಗೆ ಹೋಗಿ, ನಿಂತುಕೊಂಡೇ ಹೇಳಿದ. ಅವರು ಕೆಟ್ಟ ಮನುಷ್ಯರಲ್ಲ. ಆದರೆ ಹೊರಗೆ ಎಂಬತ್ತು ಜನ ಸಾಲು ಹಚ್ಚಿದ್ದರು, ಮತ್ತು ಮೂವತ್ತು ವರ್ಷ ವೈದ್ಯವೃತ್ತಿ ಮಾಡಿದವರಿಗೆ ಫಿಲ್ಮು ತೊಳೆಯುವವನು ಬಂದು ರೋಗ ಹೇಳುವುದು ಸಹನೆಯಾಗಲಿಲ್ಲ.

"ಜಂಬಪ್ಪ, ಫೋಟೋ ತೆಗೆಯೋದು ನಿನ್ನ ಕೆಲಸ. ಓದೋದು ನಂದು," ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ಅವನು ಬೆಂಚಿನ ಹತ್ತಿರ ಬಂದು ಹೊಳೆಮ್ಮನಿಗೆ ಪಂಜೆ ಕಟ್ಟಿ ಕೊಟ್ಟು, ಇವನ್ನು ಯಾರು ಕೇಳಿದರೂ ಬಿಸಾಡಬೇಡ, ಮಳೆಗೆ ಬಿಸಿಲಿಗೆ ಇಡಬೇಡ ಎಂದ. ಅವಳನ್ನು ಆಗ ಮನೆಯವರು ಗದ್ದೆಯ ಬದಿಯ ಪಂಪಿನ ಕೋಣೆಯಲ್ಲಿ ಇಟ್ಟಿದ್ದರು. ಅದನ್ನು ಅವಳು ದೂರಿನಂತೆ ಹೇಳಲಿಲ್ಲ, ಫಿಲ್ಮು ಎಲ್ಲಿಡುವುದೆಂಬ ಲೆಕ್ಕದಲ್ಲಿ ಹೇಳಿದಳು. ಒಂದು ತಾಟು, ಒಂದು ಚಂಬು, ಒಂದು ಕೌದಿ. ದ್ಯಾಮಕ್ಕ ಹೊತ್ತಿಗೆ ಸರಿಯಾಗಿ ಅನ್ನ ತಂದು ಕಟ್ಟೆಯ ಮೇಲಿಟ್ಟು ದೂರ ನಿಂತು ಕೂಗುತ್ತಾಳೆ. ಹುಲುಗಪ್ಪ ಬಂದು ಮೂರು ತಿಂಗಳಾಯಿತು. ನಾಟಿ ಹಚ್ಚುವ ಹೆಂಗಸರು ಎದುರಿನ ಗದ್ದೆಯಲ್ಲೇ ಹಾಡುತ್ತಾರೆ. ಮೊದಲು ಅವಳು ಹೇಳಿಕೊಡುತ್ತಿದ್ದ ಹಾಡುಗಳೇ ಅವು, ಈಗ ಒಂದು ಸಾಲು ಮುಗಿಸುವಷ್ಟೂ ಉಸಿರಿಲ್ಲ. ಅಂಗಾತ ಮಲಗಿದರೆ ನೀರಲ್ಲಿ ಮುಳುಗಿದ ಹಾಗಾಗುತ್ತದೆ, ಹಾಗಾಗಿ ಗೋಡೆಗೆ ಒರಗಿ ಕೂತೇ ನಿದ್ದೆ ಮಾಡುವುದು.

ಜಂಬಪ್ಪ ಪಂಜೆಯ ಗಂಟನ್ನು ತಾನೇ ಹಿಡಿದುಕೊಂಡ. ಬಸ್ಸಿನವರೆಗೆ ಹೋಗಿ ಅವಳನ್ನು ಹತ್ತಿಸಿ ಬಂದ.

ಆಮೇಲೆ ಸುಮಾರು ಒಂದು ವರ್ಷ ಅವಳ ಸುಳಿವಿರಲಿಲ್ಲ. ಜಂಬಪ್ಪ ಯಾರನ್ನೂ ಕೇಳುವಂತಿರಲಿಲ್ಲ. ಕಂಪ್ಲಿ ಕಡೆಯ ರೋಗಿಗಳು ಬಂದರೆ ಊರಿನ ಹೆಸರು ಕೇಳುತ್ತಿದ್ದ, ಅಷ್ಟೇ.

ಎಂಬತ್ನಾಲ್ಕರ ಜೂನಿನಲ್ಲಿ ಬಳ್ಳಾರಿಯಿಂದ ವಾರಕ್ಕೊಮ್ಮೆ, ಗುರುವಾರ, ಒಬ್ಬ ಹೊಸ ಡಾಕ್ಟರು ಬರತೊಡಗಿದರು. ಗವಿಸಿದ್ದಪ್ಪ ಎಂದು ಹೆಸರು. ಮೂವತ್ತೈದರ ಆಸುಪಾಸು, ಸಣ್ಣ ದನಿ. ಫಿಲ್ಮು ನೋಡುವಾಗ ಎಕ್ಸ್‌ರೇ ಕೋಣೆಗೇ ಬಂದು, ಇದನ್ನು ತೆಗೆಯುವಾಗ ರೋಗಿ ಹೇಗೆ ನಿಂತಿದ್ದ ಎಂದು ಜಂಬಪ್ಪನನ್ನು ಕೇಳುತ್ತಿದ್ದರು. ಹತ್ತೊಂಬತ್ತು ವರ್ಷದಲ್ಲಿ ಹಾಗೆ ಕೇಳಿದವರು ಅವರೊಬ್ಬರೇ. ನಾಲ್ಕು ಗುರುವಾರ ಅವನು ಬಾಯಿ ಬಿಡಲು ಹೋಗಿ ಸುಮ್ಮನಾದ. ಐದನೆಯ ಗುರುವಾರ ಹೇಳಿಯೇ ಬಿಟ್ಟ. ಡಾಕ್ಟರು ಪೂರ್ತಿ ಕೇಳಿಸಿಕೊಂಡು, ಮಲಗಿದಾಗ ದಮ್ಮು ಹೆಚ್ಚುತ್ತಿತ್ತೇ ಎಂದು ಒಂದೇ ಪ್ರಶ್ನೆ ಕೇಳಿದರು. ಹೌದೆಂದಾಗ, ಅವಳನ್ನು ಕರೆತರಲು ಆಗುತ್ತದೆಯೇ ಎಂದರು.

ಆ ಭಾನುವಾರ ಜಂಬಪ್ಪ ಕಂಪ್ಲಿಯ ಬಸ್ಸು ಹತ್ತಿದ. ಅಲ್ಲಿಂದ ಎರಡು ಮೈಲಿ ಕಾಲುವೆಗುಂಟ ನಡೆದ. ಎರಡೂ ಕಡೆ ಹಸಿರು ಗದ್ದೆ, ಹೊಸ ತಾರಸಿ ಮನೆಗಳು, ಅಂಗಳಕ್ಕೊಂದು ಮೋಟಾರ್ ಸೈಕಲ್ಲು. ಹೊಳೆಮ್ಮ ಪಂಪಿನ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದಳು. ಅವನನ್ನು ನೋಡಿ ಎದ್ದು ನಿಲ್ಲಲು ಹೋಗಿ ಆಗದೆ ಮತ್ತೆ ಕೂತಳು. ಮನುಷ್ಯರು ಅಷ್ಟು ಹತ್ತಿರ ಬಂದು ನಿಂತು ಬಹಳ ದಿನವಾಗಿತ್ತೇನೋ, ಎಲ್ಲಿ ನೋಡಬೇಕೆಂದು ತಿಳಿಯದೆ ಅವನ ಚಪ್ಪಲಿ ನೋಡುತ್ತಾ ಮಾತಾಡಿದಳು. ಗುಳಿಗೆ ಮುಗಿದಿದ್ದವು, ಮತ್ತೆ ಬರೆಸಿಕೊಂಡು ತಿನ್ನುತ್ತಿದ್ದಳು. ಮನೆಯೊಳಗೆ ಹುಲುಗಪ್ಪ ಬೇರೆ ಮದುವೆಯಾಗಿದ್ದ. ಹೊಸ ಸೊಸೆಗೆ ಐದು ತಿಂಗಳ ಬಸಿರು.

"ಪಂಜೆ ಹಂಗ ಐತ್ರಿ," ಎಂದಳು. "ಒಂದ್ಸಾರಿನೂ ಬಿಸಿಲಿಗೆ ಇಟ್ಟಿಲ್ಲ."

ಗುರುವಾರ ಅವಳು ಹೇಳಿದ ಹೊತ್ತಿಗೆ ಬಂದಳು. ಎದೆಯೊಳಗಿನ ಅಂಗಗಳು ಆಡುವುದನ್ನು ಕಣ್ಣಿಂದಲೇ ನೋಡುವ ಪರದೆಯ ಮಶೀನು ಅಲ್ಲಿ ಹಳೆಯದೊಂದು ಇತ್ತು. ಅದರ ಹಸಿರು ಬೆಳಕು ಎಷ್ಟು ಮಂದವೆಂದರೆ, ನೋಡುವವರು ಮೊದಲೇ ಇಪ್ಪತ್ತು ನಿಮಿಷ ಕೆಂಪು ಕನ್ನಡಕ ಹಾಕಿಕೊಂಡು ಕಣ್ಣನ್ನು ಕತ್ತಲೆಗೆ ಪಳಗಿಸಬೇಕಿತ್ತು. ಡಾಕ್ಟರೂ ಜಂಬಪ್ಪನೂ ಕನ್ನಡಕ ಹಾಕಿಕೊಂಡು ಬಾಗಿಲು ಮುಚ್ಚಿ ಕೂತರು. ಹೊಳೆಮ್ಮ ಎದುರಿನ ಸ್ಟೂಲಿನ ಮೇಲೆ. ಆ ಇಪ್ಪತ್ತು ನಿಮಿಷವನ್ನು ಡಾಕ್ಟರು ವ್ಯರ್ಥ ಮಾಡಲಿಲ್ಲ.

ಮೊದಲು ಏನಾಗಿತ್ತು ಎಂದು ಕೇಳಿದರು. ಟಿಬಿ ಆಯಿತು ಎಂದಳು. ಅದಕ್ಕಿಂತ ಮೊದಲು ಎಂದರು. ಮುಖ ಕಾಣದ ಕತ್ತಲೆ ಅವಳಿಗೆ ಒಳ್ಳೆಯದಾಗಿಯೇ ಬಂತು. ಒಂದೊಂದೇ ಹೊರಬಂತು. ಮದುವೆಯಾದ ಎರಡನೆಯ ವರ್ಷದಿಂದ ಬೆಳಿಗ್ಗೆ ಎದ್ದರೆ ಬೆರಳುಗಳು ಬಿಗಿದು ಕಸಬರಿಗೆ ಹಿಡಿಯಲು ಬರುತ್ತಿರಲಿಲ್ಲ, ಊರಿನ ಮುದುಕಿಯೊಬ್ಬಳು ಎಣ್ಣೆ ತಿಕ್ಕಿದ್ದಳು. ನಾಟಿಯ ಬಿಸಿಲಿಗೆ ನಿಂತರೆ ಮೂಗಿನ ಎರಡೂ ಕಡೆ ಕೆನ್ನೆ ಕೆಂಪಾಗಿ ಉರಿಯುತ್ತಿತ್ತು, ಅತ್ತೆ ಅರಿಶಿನ ಹಚ್ಚಿಸಿದ್ದಳು. ಕೂದಲು ಉದುರಿದ್ದಕ್ಕೆ ಕಾಲುವೆ ನೀರು ಎಂದಿದ್ದರು. ಬಾಯೊಳಗೆ ಹುಣ್ಣು. ಎರಡು ಸಲ ಬಸಿರು ನಿಂತು, ನಾಲ್ಕನೆಯ ತಿಂಗಳಲ್ಲಿ ಹೋಗಿತ್ತು. ಅದನ್ನು ಹೇಳುವಾಗ ಅವಳ ಉಸಿರು ಎರಡು ಕಡೆ ತುಂಡಾಯಿತು.

ಜಂಬಪ್ಪ ಮೂಲೆಯಲ್ಲಿ ಕೂತು ಕೇಳಿದ. ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದಳು. ಎಲ್ಲವನ್ನೂ ಒಟ್ಟಿಗೆ ಕೇಳಿದವರು ಈ ತನಕ ಯಾರೂ ಇರಲಿಲ್ಲ.

ಆಮೇಲೆ ಕನ್ನಡಕ ತೆಗೆದಿಟ್ಟು, ಅವಳನ್ನು ಪರದೆಯ ಹಿಂದೆ ನಿಲ್ಲಿಸಿ ಮಶೀನು ಹಾಕಿದ. ಹಸಿರು ಮಬ್ಬಿನಲ್ಲಿ ಪಕ್ಕೆಲುಬು ಮೂಡಿದವು, ನಡುವೆ ಹೃದಯ ಮಿಡಿಯುತ್ತಿತ್ತು. ಎದೆಗೂ ಹೊಟ್ಟೆಗೂ ಮಧ್ಯೆ ಮಾಂಸದ ಒಂದು ಹಾಸು ಇರುತ್ತದೆ. ಉಸಿರೆಳೆದಾಗ ಅದು ಕೆಳಗಿಳಿದು ಎದೆಗೆ ಜಾಗ ಮಾಡಿಕೊಡುತ್ತದೆ. ಡಾಕ್ಟರು ಅವಳಿಗೆ, ನೆಗಡಿಯಾದಾಗ ಮೂಗು ಎಳೆದುಕೊಳ್ಳುವ ಹಾಗೆ ಜೋರಾಗಿ ಎಳೆಯಲು ಹೇಳಿದರು. ಅವಳು ಎಳೆದಳು. ಹಾಸು ಕೆಳಗೆ ಬರಲಿಲ್ಲ. ಎರಡೂ ಕಡೆ ಗುಮ್ಮಟದಂತೆ ಎತ್ತರದಲ್ಲೇ ನಿಂತಿತ್ತು, ಒಂದು ಬೆರಳಿನಷ್ಟೂ ಅಲುಗಲಿಲ್ಲ. ಡಾಕ್ಟರು ಮೂರು ಸಲ ಮಾಡಿಸಿ ನೋಡಿ, ಸಾಕು ಎಂದರು.

ಬಾಗಿಲು ತೆರೆದ ಮೇಲೆ ಅವಳಿಗೆ ನಿಧಾನವಾಗಿ ಹೇಳಿದರು. ಮೈಯನ್ನು ಕಾಯಬೇಕಾದ ರಕ್ತ ಕೆಲವರಲ್ಲಿ ತನ್ನ ಮೈಗೇ ತಿರುಗಿ ಬೀಳುತ್ತದೆ. ಕೀಲು, ಚರ್ಮ, ಬಸಿರು, ಎದೆ, ಯಾವುದನ್ನೂ ಬಿಡುವುದಿಲ್ಲ. ಅದಕ್ಕೆ ಲೂಪಸ್ ಎನ್ನುತ್ತಾರೆ. ಅದರಲ್ಲೂ ಹೀಗೆ ಶ್ವಾಸಕೋಶ ಕುಗ್ಗುತ್ತಾ ಹೋಗುವುದು ತೀರಾ ವಿರಳ. ಓದುವಾಗ ಬೆಂಗಳೂರಿನಲ್ಲಿ ಒಬ್ಬರೇ ಒಬ್ಬರನ್ನು ನೋಡಿದ್ದೆ, ಯಾಕೆ ಹಾಗಾಗುತ್ತದೆಂದು ಪೂರ್ತಿ ಬಲ್ಲವರು ಯಾರೂ ಇಲ್ಲ. ರಕ್ತ ಬಳ್ಳಾರಿಗೆ ಒಯ್ಯುತ್ತೇನೆ, ಅದನ್ನು ನೋಡದೆ ಕೊನೆಯ ಮಾತು ಹೇಳುವುದಿಲ್ಲ.

"ಆದ್ರ ಇದು ಟಿಬಿ ಇದ್ದಂಗ ಕಾಣೂದಿಲ್ಲವ್ವಾ," ಎಂದರು. "ಒಬ್ರಿಂದ ಒಬ್ರಿಗೆ ಅಂಟೂದೂ ಅಲ್ಲ."

ಹೊಳೆಮ್ಮ ರೋಗದ ಹೆಸರನ್ನು ಇನ್ನೊಮ್ಮೆ ಕೇಳಲಿಲ್ಲ. ಬದುಕುತ್ತೇನೋ ಇಲ್ಲವೋ ಎಂದೂ ಕೇಳಲಿಲ್ಲ.

"ಹಂಗಾದ್ರ ನಾನು ಎಲ್ಲಾರ ಜೋಡಿ ಕುಂತು ಉಣಬೌದೇನ್ರಿ?" ಎಂದಳು.

ಉಣ್ಣಬಹುದು ಎಂದರು ಡಾಕ್ಟರು. ಜಂಬಪ್ಪ ಕೆಂಪು ಕನ್ನಡಕವನ್ನು ಮತ್ತೆ ಹಾಕಿಕೊಂಡು ಕತ್ತಲೆ ಕೋಣೆಗೆ ಹೋದ.

ಮುಂದಿನ ಗುರುವಾರ ರಕ್ತದ ಸುದ್ದಿ ಬಂತು. ಡಾಕ್ಟರು ತಾವೇ ಸೂಕ್ಷ್ಮದರ್ಶಕದ ಕೆಳಗೆ ಕೂತು ಲೂಪಸಿನ ಕಣಗಳನ್ನು ಎಣಿಸಿದ್ದರು. ಮೂತ್ರದಲ್ಲೂ ಸ್ವಲ್ಪ ದೋಷವಿತ್ತು. ಟಿಬಿಯ ಗುಳಿಗೆ ನಿಲ್ಲಿಸಿ ಬೇರೆ ಸಣ್ಣ ಬಿಳಿ ಗುಳಿಗೆ ಶುರುಮಾಡಿದರು, ಬಿಸಿಲಿಗೆ ಹೋಗಕೂಡದೆಂದರು. ದೊಡ್ಡ ಡಾಕ್ಟರು ಆ ಕಾಗದ ಓದಿ, ನಾಲ್ಕೂ ಫಿಲ್ಮುಗಳನ್ನು ತರಿಸಿ, ಬಾಗಿಲು ಹಾಕಿಕೊಂಡು ಬಹಳ ಹೊತ್ತು ನೋಡಿದರಂತೆ. ಅಂದಿನಿಂದ ಫಿಲ್ಮು ಸರಿಯಿಲ್ಲವೆನಿಸಿದರೆ ಬೈಯುವ ಮೊದಲು ಜಂಬಪ್ಪನನ್ನು ಕರೆಸಿ ಕೇಳುತ್ತಿದ್ದರು.

ಎಂಟು ವಾರಕ್ಕೆ ಹೊಳೆಮ್ಮ ಎರಡು ದಿಂಬು ಇಟ್ಟುಕೊಂಡು ಮಲಗುವಂತಾದಳು. ಗುಳಿಗೆಯಿಂದ ಮುಖ ಊದಿ ದುಂಡಗಾಗಿತ್ತು. ಮುಂದಿನ ಯುಗಾದಿ ಹೊತ್ತಿಗೆ ತೆಗೆದ ಫಿಲ್ಮಿನಲ್ಲಿ ಪಕ್ಕೆಲುಬು ಎಂಟೂವರೆ ಸಿಕ್ಕವು. ಹತ್ತು ಎಂದೂ ಸಿಗಲಿಲ್ಲ.

ಅವಳು ಇನ್ನೂ ಪಂಪಿನ ಕೋಣೆಯಲ್ಲೇ ಇದ್ದಳು. ಅದು ಜಂಬಪ್ಪನಿಗೆ ಅರ್ಥವಾಗಲಿಲ್ಲ. ಡಾಕ್ಟರ ಕೈಯಿಂದ, ಇದು ಅಂಟುರೋಗವಲ್ಲ ಎಂದು ಕಾಗದ ಬರೆಸಿಕೊಂಡು, ಫಿಲ್ಮುಗಳನ್ನೂ ಹಿಡಿದು ಮತ್ತೊಂದು ಭಾನುವಾರ ಕಂಪ್ಲಿಗೆ ಹೋದ. ದ್ಯಾಮಕ್ಕ ಅವನನ್ನು ಜಗಲಿಯ ಮೇಲೆ ಕೂರಿಸಿ ಚಹಾ ಕೊಟ್ಟಳು. ಒಳಗೆ ತೊಟ್ಟಿಲಲ್ಲಿ ಮಗು ಇತ್ತು. ಅವನು ಫಿಲ್ಮುಗಳನ್ನು ಆಕಾಶಕ್ಕೆ ಹಿಡಿದು, ಇಲ್ಲಿ ನೋಡಿ, ಮಚ್ಚೆಯಿಲ್ಲ, ತೂತಿಲ್ಲ ಎಂದು ತೋರಿಸಿದ. ತಾನು ಅಷ್ಟು ಮಾತಾಡಬಲ್ಲೆನೆಂದು ಅವನಿಗೇ ಗೊತ್ತಿರಲಿಲ್ಲ. ಹುಲುಗಪ್ಪ ಕಂಬಕ್ಕೆ ಒರಗಿ ನಿಂತು ನೆಲ ನೋಡುತ್ತಿದ್ದ.

ದ್ಯಾಮಕ್ಕ ಸಿಟ್ಟಾಗಲಿಲ್ಲ.

"ಆ ಕರೀ ಹಾಳಿ ನಮಗೇನು ತಿಳೀತೈತ್ರಪಾ. ಅವತ್ತು ಟಿಬಿ ಅಂದೋರೂ ನೀವ, ಇವತ್ತು ಅಲ್ಲ ಅನ್ನೋರೂ ನೀವ. ಮನ್ಯಾಗ ಕೂಸೈತಿ. ನಾಳೆ ಮತ್ತ ಹೌದಂದ್ರ ಏನ್ ಮಾಡ್ಲಿ?"

ಜಂಬಪ್ಪ ಫಿಲ್ಮುಗಳನ್ನು ಸುತ್ತಿಕೊಂಡ. ಚಹಾದ ಲೋಟವನ್ನು ಕೆಳಗಿಟ್ಟು ಎದ್ದ. ಹೊಳೆಮ್ಮ ಪಂಪಿನ ಕೋಣೆಯ ನೆರಳಲ್ಲಿ ಕಾಯುತ್ತಿದ್ದಳು. ಅವನು ಬರುವ ರೀತಿ ನೋಡಿಯೇ ತಿಳಿದುಕೊಂಡಳು. ಬಿಡ್ರಿ ಯಣ್ಣಾ ಎಂದಳು. ಹೊತ್ತು ಮುಳುಗುವ ತನಕ ಇಬ್ಬರೂ ಕಾಲುವೆ ಹರಿಯುವುದನ್ನು ನೋಡುತ್ತಾ ಕೂತರು. ನನ್ನ ಕೋಣೆಗೆ ಬಾ ಎಂಬ ಮಾತು ಜಂಬಪ್ಪನ ಗಂಟಲವರೆಗೆ ಬಂದಿತ್ತು. ಅವನಿಗೆ ನಲವತ್ತೊಂಬತ್ತು, ಅವಳಿಗೆ ಇಪ್ಪತ್ತೇಳು. ಅವಳು ಕರೆಯುತ್ತಿದ್ದುದು ಅಣ್ಣಾ ಎಂದು. ಕೊನೆಯ ಬಸ್ಸು ತಪ್ಪುತ್ತದೆಂದು ಹೇಳಿ ಎದ್ದು ಬಂದ.

ಅವಳ ಅಕ್ಕ ಭರಮಮ್ಮ ಸಂಡೂರಿನ ಹತ್ತಿರ ಯಶವಂತನಗರದಲ್ಲಿದ್ದಳು. ಗಂಡ ಗಣಿಯಲ್ಲಿ ಕೆಲಸಗಾರ. ಅಲ್ಲಿ ಅದಿರು ಒಡೆಯುವ ಹೆಂಗಸರ ಕೂಸುಗಳನ್ನು ಹಗಲು ನೋಡಿಕೊಳ್ಳುವ ಒಂದು ಮನೆಯಿತ್ತು. ಕೆಲಸ ಸೂರಿನ ಕೆಳಗೆ, ಬಿಸಿಲಿಲ್ಲ. ಅಕ್ಕ ಮಾತಾಡಿದಳು, ಆದರೆ ಎದೆ ರೋಗದವಳನ್ನು ಕೂಸುಗಳ ಹತ್ತಿರ ಬಿಡುವುದಿಲ್ಲವೆಂದರು. ಈ ಸಲ ಕಾಗದ ಕೆಲಸಕ್ಕೆ ಬಂತು. ಗವಿಸಿದ್ದಪ್ಪನವರು ಮೊಹರು ಹಾಕಿ ಇನ್ನೊಂದು ಪತ್ರ ಬರೆದುಕೊಟ್ಟರು. ಜಂಬಪ್ಪ ಅದನ್ನು ತಾನೇ ಒಯ್ದು ಅಲ್ಲಿನ ಆಫೀಸಿನಲ್ಲಿ ಕೊಟ್ಟು, ಓದಿ ಹೇಳಿ, ಅವರು ಒಪ್ಪುವ ತನಕ ಬೆಂಚು ಬಿಟ್ಟು ಏಳಲಿಲ್ಲ. ಎಂಬತ್ತೈದರ ದಸರೆಯ ಮುಂಚೆ ಹೊಳೆಮ್ಮ ಕಂಪ್ಲಿ ಬಿಟ್ಟಳು. ಹೋಗುವಾಗ ಯಾರೂ ತಡೆಯಲಿಲ್ಲ, ಯಾರೂ ಕಳಿಸಿಕೊಡಲೂ ಬರಲಿಲ್ಲ.

ಆರು ತಿಂಗಳಿಗೊಮ್ಮೆ ಫಿಲ್ಮಿಗೆ ಬರುತ್ತಿದ್ದಳು. ಎಂಬತ್ತೊಂಬತ್ತರಲ್ಲಿ ಗವಿಸಿದ್ದಪ್ಪನವರಿಗೆ ಬೇರೆ ಕಡೆ ಕೆಲಸವಾಯಿತು. ಹೋಗುವ ಮುನ್ನ ಅವಳನ್ನು ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಬರೆದುಕೊಟ್ಟರು. ಆಮೇಲೆ ಅವಳು ಹೊಸಪೇಟೆಗೆ ಬರುವ ಕಾರಣ ಉಳಿಯಲಿಲ್ಲ.

ಜಂಬಪ್ಪ ತೊಂಬತ್ನಾಲ್ಕರಲ್ಲಿ ನಿವೃತ್ತನಾದ. ಒಂದು ಹಾರ, ಒಂದು ಗೋಡೆ ಗಡಿಯಾರ. ಕೈ ವಾಸನೆ ಎರಡು ತಿಂಗಳಿಗೆ ಹೋಯಿತು. ಹೋದ ಮೇಲೆ ಖಾನಾವಳಿಯಲ್ಲಿ ಯಾರೂ ಅವನತ್ತ ತಿರುಗಿ ನೋಡದೆ ಊಟ ಮಾಡಿದರು. ದಿನಕ್ಕೆ ಐವತ್ತು ಸಲ ಆಡುತ್ತಿದ್ದ ಆ ಒಂದು ಮಾತೂ ಈಗ ಇರಲಿಲ್ಲ. ಕಾರ್ತೀಕದಲ್ಲಿ ಒಂದು ದಿನ ಬೆಳಿಗ್ಗೆ ಎದ್ದು, ಏನೂ ನಿರ್ಧಾರ ಮಾಡದೆಯೇ ಸಂಡೂರಿನ ಬಸ್ಸಿನಲ್ಲಿ ಕೂತಿದ್ದ.

ಯಶವಂತನಗರದ ರಸ್ತೆ, ಮರ, ನಾಯಿ, ಎಲ್ಲವೂ ಅದಿರಿನ ಧೂಳಿಗೆ ಕೆಂಪಾಗಿದ್ದವು. ಹೊಳೆಮ್ಮ ಕೊಡೆ ಹಿಡಿದು ಎದುರಿಗೆ ಬಂದಳು. ಸೊಂಟದ ಮೂಳೆ ಸವೆದು ಒಂದು ಕಾಲು ಎಳೆಯುತ್ತಿದ್ದಳು. ವರ್ಷಗಟ್ಟಲೆ ಆ ಬಿಳಿ ಗುಳಿಗೆ ತಿಂದದ್ದರಿಂದ ಹಾಗೆ ಎಂದು ಬಳ್ಳಾರಿಯಲ್ಲಿ ಹೇಳಿದ್ದರಂತೆ. ಅಕ್ಕನ ಗಂಡ ಕೆಲಸ ಬಿಟ್ಟಿದ್ದರಿಂದ ಅವರು ಊರಿಗೆ ಹೋಗಿದ್ದರು, ಅವಳು ಒಂದು ಕೋಣೆಯಲ್ಲಿ ಒಬ್ಬಳೇ ಇದ್ದಳು. ಕೂಸಿನ ಮನೆಯಲ್ಲಿ ಹದಿನಾಲ್ಕು ಮಕ್ಕಳು ಸೀರೆಯ ಜೋಲಿಗಳಲ್ಲಿ ಮಲಗಿದ್ದವು.

ಹನ್ನೆರಡು ವರ್ಷದಿಂದ ಹೊತ್ತುಕೊಂಡಿದ್ದ ಮಾತನ್ನು ಜಂಬಪ್ಪ ಅಲ್ಲೇ, ಬಾಗಿಲಲ್ಲಿ ನಿಂತು ಹೇಳಿದ. ಆ ನವೆಂಬರಿನಲ್ಲಿ ಹಾಗೆ ಬೈಯಬಾರದಿತ್ತು ಎಂದ.

ಹೊಳೆಮ್ಮ ನೆನಪು ಮಾಡಿಕೊಳ್ಳಲು ನೋಡಿದಳು.

"ನೀವು ಬೈದಿದ್ರೇನು?" ಎಂದಳು. "ಗೊತ್ತಿಲ್ರಿ ಯಣ್ಣಾ. ಆಗ ಎಲ್ಲಾರೂ ಬೈತಿದ್ರು."

ಅವನು ತಲೆಯಾಡಿಸಿದ. ಕ್ಷಮಿಸಿದೆ ಎಂದಿದ್ದರೂ, ಮರೆತಿಲ್ಲ ಎಂದಿದ್ದರೂ ಅದನ್ನು ತೆಗೆದುಕೊಂಡು ಹೋಗುತ್ತಿದ್ದ. ಇದನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಅವಳು ತನ್ನ ಕೋಣೆಗೆ ಕರೆದುಕೊಂಡು ಹೋಗಿ ಅನ್ನ, ಪುಂಡಿಪಲ್ಯ ಬಡಿಸಿದಳು. ತಾನೂ ಎದುರಿಗೆ ಕೂತು ಉಂಡಳು. ದಿನ ಹೇಗೆ ಕಳೆಯುತ್ತೀರಿ ಎಂದು ಕೇಳಿದಳು. ಕಳೆಯುತ್ತದೆ ಎಂದ. ಅವನು ಕೇಳಿದ್ದಕ್ಕೆ ಅವಳೂ ಅದೇ ಹೇಳಿದಳು. ಅಕ್ಕ ಹೋದ ಮೇಲೆ ಹಗಲೆಲ್ಲ ಮಕ್ಕಳ ಗದ್ದಲ, ಐದು ಗಂಟೆಗೆ ತಾಯಂದಿರು ಬಂದು ಎತ್ತಿಕೊಂಡು ಹೋದರೆ ಒಮ್ಮೆಲೇ ಸುಮ್ಮನಾಗಿಬಿಡುತ್ತದೆ, ಆ ಹೊತ್ತೊಂದೇ ಕಷ್ಟ ಎಂದಳು. ಜಂಬಪ್ಪನಿಗೆ ಅದು ಚೆನ್ನಾಗಿ ತಿಳಿಯುತ್ತಿತ್ತು.

ಮೂರು ಗಂಟೆಗೆ ಬಸ್ಸಿತ್ತು. ಅವಳು ಕೊಡೆ ಬಿಚ್ಚಿ ರಸ್ತೆಯವರೆಗೆ ಬಂದಳು. ಆಗಾಗ ಬರ್ರಿ ಎಂದಳು, ಬರ್ತೀನವ್ವಾ ಎಂದ. ಅದಿರಿನ ಲಾರಿಗಳು ಸಾಲಾಗಿ ಹೋಗುತ್ತಿದ್ದುದರಿಂದ ಬಸ್ಸು ತಡವಾಯಿತು. ಕೂಸಿನ ಮನೆಯಿಂದ ಅಳು ಕೇಳಿಸಿತು, ಒಂದು, ಆಮೇಲೆ ಇನ್ನೊಂದು. ಅವಳು ಆ ಕಡೆ ನೋಡಿದಳು. ಹೋಗವ್ವಾ, ಮಕ್ಕಳು ಎದ್ದಾವ ಎಂದು ಅವನೇ ಕಳಿಸಿದ. ಕಾಲು ಎಳೆಯುತ್ತಾ ಅವಳು ಬೇಗಬೇಗ ನಡೆದಳು. ಜಂಬಪ್ಪ ಮೈಲುಗಲ್ಲಿನ ಮೇಲೆ ಕೂತು, ಲಾರಿಯ ಧೂಳು ಇಳಿಯುವವರೆಗೆ ಮೂಗಿಗೆ ಟವೆಲು ಹಿಡಿದುಕೊಂಡ.